ತುಳಿಯುವ ಸೈಕಲ್ಲೋ, ಕರೆಂಟಿನ ಸೈಕಲ್ಲೋ? ದಿನನಿತ್ಯದ ಓಡಾಟದ ಲೆಕ್ಕ

ಪೆಟ್ರೋಲ್ ದರ ಲೀಟರಿಗೆ ನೂರು ರೂಪಾಯಿ ದಾಟಿ ಅಲ್ಲೇ ಬೀಡುಬಿಟ್ಟ ಮೇಲೆ ದಾವಣಗೆರೆಯ ಸೈಕಲ್ ಅಂಗಡಿಗಳಲ್ಲಿ ಇನ್ನೊಂದು ಬಗೆಯ ಗಿರಾಕಿಗಳು ಕಾಣಿಸತೊಡಗಿದ್ದಾರೆ. ಇವರು ಮಕ್ಕಳಿಗೆ ಸೈಕಲ್ ಕೊಡಿಸಲು ಬಂದವರಲ್ಲ. ಮಂಡಿಪೇಟೆಯ ಅಂಗಡಿಗೋ ವಿದ್ಯಾನಗರದ ಕಡೆಯ ಕಚೇರಿಗೋ ದಿನಾ ಹೋಗಿಬರಲು ತಮಗೇ ಒಂದು ಸೈಕಲ್ ಬೇಕೆಂದು ಬಂದವರು. ಅಂಗಡಿಯಲ್ಲಿ ಅವರೆದುರು ನಿಲ್ಲುವ ಎರಡು ಸೈಕಲ್‌ಗಳು ನೋಡಲು ಹೆಚ್ಚುಕಡಿಮೆ ಒಂದೇ ಬಗೆಯವು. ಆದರೆ ಒಂದರ ಬೆಲೆ 8 ಸಾವಿರವಿದ್ದರೆ ಇನ್ನೊಂದರದು 30 ಸಾವಿರದ ಆಸುಪಾಸು. ಹೆಚ್ಚಿನ ಬೆಲೆಯ ಸೈಕಲ್ಲಿನ ಹಿಂಗಾಲಿಯ ನಡುವೆ ಮೋಟಾರನ್ನು ಒಳಗಿಟ್ಟುಕೊಂಡ ದಪ್ಪನೆಯ ಹಬ್ ಇದೆ, ಚೌಕಟ್ಟಿನ ಕೊಳವೆಗೆ ಒಂದು ಬ್ಯಾಟರಿ ಅಂಟಿಕೊಂಡಿದೆ, ಹ್ಯಾಂಡಲ್ಲಿನ ಮೇಲೆ ಬೆರಳಗಲದ ಪರದೆಯೊಂದಿದೆ. ಈ ಮೂರು ವಸ್ತುಗಳು ದಿನದ ಓಡಾಟದಲ್ಲಿ ನಿಜವಾಗಿ ಏನನ್ನು ಬದಲಿಸುತ್ತವೆ, ಏನನ್ನು ಬದಲಿಸುವುದಿಲ್ಲ ಎಂಬುದನ್ನು ಬುಡದಿಂದ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಇ-ಸೈಕಲ್ ಎಂದರೆ ಯಾವುದು

ಎಲೆಕ್ಟ್ರಿಕ್ ಸ್ಕೂಟರನ್ನೂ ಎಲೆಕ್ಟ್ರಿಕ್ ಸೈಕಲ್ಲನ್ನೂ ಜನ ಒಂದೇ ಉಸಿರಿನಲ್ಲಿ ಹೇಳುವುದರಿಂದ ಮೊದಲು ಇವೆರಡನ್ನೂ ಬೇರ್ಪಡಿಸಬೇಕು. ಸ್ಕೂಟರಿನಲ್ಲಿ ಸವಾರ ಬರೀ ಕುಳಿತಿರುತ್ತಾನೆ, ಕೆಲಸವೆಲ್ಲ ಮೋಟಾರಿನದು. ಇ-ಸೈಕಲ್ಲಿನಲ್ಲಿ ಪೆಡಲ್, ಚೈನ್, ಫ್ರೀವೀಲ್ ಎಲ್ಲವೂ ಎಂದಿನಂತೆ ಇರುತ್ತವೆ; ಮೋಟಾರು ತುಳಿಯುವವನ ಜೊತೆಗಾರ ಮಾತ್ರ. ತುಂಬಿದ ತಳ್ಳುಗಾಡಿಯನ್ನು ಏರಿನಲ್ಲಿ ತಳ್ಳುವಾಗ ಹಿಂದಿನಿಂದ ಇನ್ನೊಬ್ಬರು ಕೈಕೊಟ್ಟರೆ ಹೇಗೋ ಹಾಗೆ. ತುಳಿದಾಗ ಮಾತ್ರ ಸಿಗುವ ಈ ನೆರವಿಗೆ 'ಪೆಡಲ್ ಅಸಿಸ್ಟ್' ಎನ್ನುತ್ತಾರೆ. ಜಪಾನಿನ ಯಮಹಾ ಕಂಪನಿ ಇಂಥ ಸೈಕಲ್ಲನ್ನು 1993ರಲ್ಲೇ ಮಾರುಕಟ್ಟೆಗೆ ಬಿಟ್ಟಿತ್ತು. ನಮ್ಮ ಊರುಗಳಿಗೆ ಅದು ಹೊಸದೆನಿಸಿದರೂ ವಿದ್ಯೆ ಹಳೆಯದು. ನಮ್ಮಲ್ಲಿ ಮಾರಾಟವಾಗುವ ಹಲವು ಇ-ಸೈಕಲ್‌ಗಳಲ್ಲಿ ಇದರ ಜೊತೆಗೆ ಬೈಕಿನಂತೆ ಹಿಡಿ ತಿರುಗಿಸಿದರೆ ಅಥವಾ ಹೆಬ್ಬೆರಳಿನಿಂದ ಒತ್ತಿದರೆ ತುಳಿಯದೆಯೇ ಸಾಗುವ 'ಥ್ರಾಟಲ್' ಕೂಡ ಇರುತ್ತದೆ.

ಸವಾರ ತುಳಿಯುತ್ತಿದ್ದಾನೆಂದು ಮೋಟಾರಿಗೆ ತಿಳಿಯುವುದು ಪೆಡಲಿನ ಬುಡದಲ್ಲಿರುವ ಸೆನ್ಸರಿನಿಂದ. ಅಗ್ಗದ ಸೈಕಲ್‌ಗಳಲ್ಲಿ ಈ ಸೆನ್ಸರ್ ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ನೋಡುತ್ತದೆ. ಹಾಗಾಗಿ ನಿಂತಲ್ಲಿಂದ ಹೊರಟಾಗ ಅರ್ಧ ಸುತ್ತು ನೀವೇ ತುಳಿಯಬೇಕು, ಆಮೇಲೆ ಮೋಟಾರು ಒಮ್ಮೆಗೇ ನೂಕುತ್ತದೆ. ದುಬಾರಿ ಸೈಕಲ್‌ಗಳ ಸೆನ್ಸರ್ ಎಷ್ಟು ಬಲವಾಗಿ ತುಳಿಯುತ್ತಿದ್ದೀರಿ ಎಂಬುದನ್ನೂ ಅಳೆದು ಅದೇ ಪ್ರಮಾಣದಲ್ಲಿ ನೆರವು ಕೊಡುತ್ತದೆ. ಸಂತೆಯ ದಿನದ ಇಕ್ಕಟ್ಟಿನಲ್ಲಿ ಮೆಲ್ಲಗೆ ಸಾಗಬೇಕಾದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ತುಳಿಯುವವನನ್ನು ತಡೆಯುವುದು ಯಾವುದು

ಮೋಟಾರು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದು ತಿಳಿಯಬೇಕಾದರೆ ಸೈಕಲ್ ತುಳಿಯುವಾಗ ನಮ್ಮ ಶಕ್ತಿ ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿದಿರಬೇಕು. ಶಕ್ತಿಯ ಅಳತೆ ವಾಟ್. 10 ಕೆ.ಜಿ.ಯ ಅಕ್ಕಿ ಚೀಲವೊಂದನ್ನು ಸೆಕೆಂಡಿಗೊಮ್ಮೆ ಒಂದು ಮೀಟರ್ ಎತ್ತರಕ್ಕೆ ಎತ್ತುತ್ತಲೇ ಇರುವುದಾದರೆ ಅದು ಸುಮಾರು 100 ವಾಟ್. ಆರೋಗ್ಯವಂತರೊಬ್ಬರು ಕಾಲಿನಿಂದ 75ರಿಂದ 100 ವಾಟ್ ಕೆಲಸವನ್ನು ಒಂದು ಗಂಟೆ ಮಾಡಬಲ್ಲರು. 200 ವಾಟ್ ಎಂದರೆ ಅಭ್ಯಾಸವಿಲ್ಲದವರಿಗೆ ಕೆಲವೇ ನಿಮಿಷಗಳಲ್ಲಿ ಏದುಸಿರು.

ಸವಾರ, ಸೈಕಲ್, ಚೀಲ ಎಲ್ಲ ಸೇರಿ 90 ಕೆ.ಜಿ. ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಗಾಳಿಯಿಲ್ಲದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗಕ್ಕೆ ಬೇಕಾಗುವುದು 50-55 ವಾಟ್ ಮಾತ್ರ. ಅಂದರೆ ದಾವಣಗೆರೆಯಂಥ ಬಯಲು ನೆಲದ ಊರಿನಲ್ಲಿ, ಬೆಳಗಿನ ತಂಪಿನಲ್ಲಿ, ಮೋಟಾರಿನ ಅಗತ್ಯವೇ ಇಲ್ಲ. ಅದೇ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದ ಎದುರುಗಾಳಿ ಬೀಸಿದರೆ ಅದೇ 15 ಕಿ.ಮೀ.ಗೆ 95 ವಾಟ್ ಬೇಕು. ನೂರು ಮೀಟರಿಗೆ 3 ಮೀಟರ್ ಏರುವ ರಸ್ತೆಯಲ್ಲಾದರೆ, ಗಾಳಿಯಿಲ್ಲದಿದ್ದರೂ 160 ವಾಟ್ ದಾಟುತ್ತದೆ.

ಗಾಳಿಯ ವಿಷಯವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಈ ಸೀಮೆಯಲ್ಲಿ ಏರಿಗಿಂತ ಗಾಳಿಯೇ ದೊಡ್ಡ ಎದುರಾಳಿ. ಸೈಕಲ್ಲಿನ ಹಿಂದೆ ಮಂಡಕ್ಕಿ ಚೀಲ ಕಟ್ಟಿಕೊಂಡು ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಳೆತ್ತರದ ಚೀಲಕ್ಕೆ ತೂಕವೇ ಇರುವುದಿಲ್ಲ, ಆದರೂ ಎದುರುಗಾಳಿಯಲ್ಲಿ ಯಾರೋ ಹಿಂದಿನಿಂದ ಕ್ಯಾರಿಯರ್ ಹಿಡಿದು ಎಳೆದಂತಾಗುತ್ತದೆ. ಗಾಳಿ ತಡೆಯುವುದು ತೂಕವನ್ನಲ್ಲ, ಎದುರಿಗೆ ಒಡ್ಡಿದ ಅಗಲವನ್ನು. ಅದರ ಜೊತೆಗೆ ಗಾಳಿಯ ಎದುರು ನಮ್ಮ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಆಷಾಢದಲ್ಲಿ ಇಲ್ಲಿ ಗಾಳಿ ಬೀಸುವುದು ಪಶ್ಚಿಮದಿಂದ. ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರ ಇರುವುದೂ ಪಶ್ಚಿಮಕ್ಕೆ. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಹರಿಹರದತ್ತ ಸೈಕಲ್ ತುಳಿಯುವವರಿಗೆ ಹೋಗುವಾಗ ಪ್ರಯಾಸ, ಬರುವಾಗ ಪುಕ್ಕಟೆ ನೂಕು. ಚಿತ್ರದುರ್ಗದವರಿಗಂತೂ ಗಾಳಿಯೂ ಉಂಟು, ಏರೂ ಉಂಟು. ಊರಿನ ಸುತ್ತಲ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ, ಕೋಟೆಯ ಕಡೆಗೆ ಹತ್ತುವ ರಸ್ತೆಗಳು ಇನ್ನೊಂದು ಸಾಕ್ಷಿ.

ಇ-ಸೈಕಲ್ಲಿನ 250 ವಾಟ್ ಮೋಟಾರು ಇಂಥ ಕಡೆ ತನ್ನ ಬೆಲೆಯನ್ನು ತೋರಿಸುತ್ತದೆ. ಸಮತಟ್ಟಿನಲ್ಲಿ ಅದು ಕೊಡುವುದು ಅನುಕೂಲ, ಏರಿನಲ್ಲಿ ಮತ್ತು ಎದುರುಗಾಳಿಯಲ್ಲಿ ಅದು ಕೊಡುವುದು ಎರಡನೆಯ ಜೊತೆ ಕಾಲು.

ಇ-ಸೈಕಲ್ ಭಾರ, ಬ್ಯಾಟರಿ ಮುಗಿದರೆ ತುಳಿಯಲಾಗದು ಎಂಬ ಭಯ ಹಲವರಿಗಿದೆ. ಅದರ ತೂಕ ಸಾಮಾನ್ಯವಾಗಿ 20ರಿಂದ 25 ಕೆ.ಜಿ. ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡ್ ಎಲ್ಲ ಇರುವ ನಮ್ಮ ಹಳೆಯ ಕರಿ ಸೈಕಲ್ಲೂ 20 ಕೆ.ಜಿ. ಸಮೀಪವೇ ಇತ್ತು ಎಂಬುದನ್ನು ಮರೆತಿರುತ್ತೇವೆ. ಐದಾರು ಕೆ.ಜಿ. ಹೆಚ್ಚಾದರೆ ಸಮತಟ್ಟಿನಲ್ಲಿ ಎರಡು ಮೂರು ವಾಟ್ ಹೆಚ್ಚಾದೀತು, ಅಷ್ಟೆ. ತೂಕ ಕಾಡುವುದು ಏರಿನಲ್ಲಿ, ಮತ್ತು ಮೊದಲ ಮಹಡಿಗೆ ಸೈಕಲ್ಲನ್ನು ಹೊತ್ತೊಯ್ಯುವಾಗ.

ಬೆವರಿನ ಲೆಕ್ಕ

ಸೈಕಲ್ ಬಿಟ್ಟವರನ್ನು ಕೇಳಿ ನೋಡಿ. ದೂರವಾಯಿತು ಎನ್ನುವವರಿಗಿಂತ ಬೆವರಿನ ಅಂಗಿಯಲ್ಲಿ ಕಚೇರಿಗೆ ಹೋಗುವುದು ಹೇಗೆ ಎನ್ನುವವರೇ ಹೆಚ್ಚು. ಇದಕ್ಕೂ ಲೆಕ್ಕವಿದೆ. ನಮ್ಮ ದೇಹ ಆಹಾರದಿಂದ ಪಡೆದ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಸುಮಾರು ಐದನೆಯ ಅಥವಾ ನಾಲ್ಕನೆಯ ಒಂದು ಪಾಲು; ಉಳಿದದ್ದೆಲ್ಲ ಶಾಖ. ಪೆಡಲಿಗೆ 100 ವಾಟ್ ಕೊಡುವಾಗ ದೇಹದೊಳಗೆ 300ರಿಂದ 400 ವಾಟ್ ಶಾಖ ಹುಟ್ಟುತ್ತದೆ. ಹೊರಗಿನ ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಒಂದಿಷ್ಟು ಶಾಖ ಗಾಳಿಗೇ ಹೋಗುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಮಧ್ಯಾಹ್ನದ ಗಾಳಿ ಚರ್ಮಕ್ಕಿಂತ ಬಿಸಿಯಾಗಿರುವುದರಿಂದ ಬೆವರಿನ ಹೊರತು ಬೇರೆ ದಾರಿಯಿಲ್ಲ. ಮೋಟಾರು ಅರ್ಧ ಕೆಲಸ ವಹಿಸಿಕೊಂಡರೆ ಶಾಖವೂ ಅರ್ಧವಾಗುತ್ತದೆ. ಬೆವರು ನಿಲ್ಲುವುದಿಲ್ಲ, ಕರವಸ್ತ್ರದಲ್ಲಿ ಒರೆಸಿಕೊಳ್ಳುವಷ್ಟಕ್ಕೆ ಇಳಿಯುತ್ತದೆ.

ಹಾಗಾದರೆ ವ್ಯಾಯಾಮ ಹೋಯಿತಲ್ಲ ಎಂದು ಕೇಳಬಹುದು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ದೈಹಿಕ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪೆಡಲ್ ಅಸಿಸ್ಟ್ ಸವಾರಿ ಸಾಮಾನ್ಯ ಸೈಕಲ್ಲಿಗಿಂತ ಹಗುರವಾದರೂ ಬಿರುಸಿನ ನಡಿಗೆಗಿಂತ ಕಡಿಮೆಯೇನಲ್ಲ. ಹೋಗಲು 20 ನಿಮಿಷ, ಬರಲು 20 ನಿಮಿಷ, ವಾರಕ್ಕೆ ಐದು ದಿನ ಎಂದರೆ 200 ನಿಮಿಷವಾಯಿತು. ಇದು ತುಳಿದವರಿಗೆ ಸಲ್ಲುವ ಮಾತು. ಥ್ರಾಟಲ್ ಒತ್ತಿಕೊಂಡು ಕುಳಿತವರು ಸ್ಕೂಟರಿನಲ್ಲಿ ಹೋದವರಿಗೆ ಸಮ.

ಬ್ಯಾಟರಿ ಎಂಬ ನೀರಿನ ಟ್ಯಾಂಕು

ಬ್ಯಾಟರಿಯ ಮೇಲೆ 36 ವೋಲ್ಟ್, 7.8 ಆಂಪಿಯರ್-ಅವರ್ ಎಂಬಂಥ ಎರಡು ಅಂಕಿಗಳಿರುತ್ತವೆ. ಮನೆಯ ಮೇಲಿನ ನೀರಿನ ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂಬುದರಂತೆ ವೋಲ್ಟ್, ಅದರಲ್ಲಿ ಎಷ್ಟು ನೀರಿದೆ ಎಂಬುದರಂತೆ ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ ಸಿಗುವ 280 ವಾಟ್-ಅವರ್ ಆ ಬ್ಯಾಟರಿಯ ನಿಜವಾದ ಸಾಮರ್ಥ್ಯ. ಅಂಗಡಿಯಲ್ಲಿ ಕೇಳಬೇಕಾದ ಅಂಕಿ ಇದೊಂದೇ. ಹಳೆಯ ಸೀಲಿಂಗ್ ಫ್ಯಾನೊಂದು ನಾಲ್ಕು ಗಂಟೆ ತಿರುಗಲು ಬೇಕಾಗುವುದೂ ಇಷ್ಟೇ ವಿದ್ಯುತ್ತು.

ಪೆಡಲ್ ಅಸಿಸ್ಟ್‌ನಲ್ಲಿ ಕಿಲೋಮೀಟರಿಗೆ 6ರಿಂದ 8 ವಾಟ್-ಅವರ್, ಬರೀ ಥ್ರಾಟಲ್‌ನಲ್ಲಿ 10ರಿಂದ 15 ವಾಟ್-ಅವರ್ ಖರ್ಚಾಗುತ್ತದೆ. 280ನ್ನು ಇವುಗಳಿಂದ ಭಾಗಿಸಿದರೆ ತುಳಿದುಕೊಂಡು 35-45 ಕಿ.ಮೀ., ತುಳಿಯದೆ 20-28 ಕಿ.ಮೀ. ಎಂಬ ಉತ್ತರ ಬರುತ್ತದೆ. ಜಾಹೀರಾತಿನ ಅಂಕಿಗಳು ಹಗುರ ಸವಾರ, ಸಮತಟ್ಟು ರಸ್ತೆ, ಗಾಳಿಯಿಲ್ಲದ ದಿನದವು. ಹರಿಹರದ ಎದುರುಗಾಳಿಗೆ ಅವುಗಳಲ್ಲಿ ಮೂರನೆಯ ಒಂದು ಪಾಲನ್ನು ಕಳೆದೇ ಯೋಚಿಸುವುದು ಕ್ಷೇಮ.

ಲೀಥಿಯಂ ಬ್ಯಾಟರಿ ಸವೆಯುವ ವಸ್ತು. 500ರಿಂದ 800 ಬಾರಿ ಪೂರ್ತಿ ಚಾರ್ಜ್ ಮಾಡುವಷ್ಟರಲ್ಲಿ ಅದರ ಸಾಮರ್ಥ್ಯ ಹೊಸತಿನಲ್ಲಿದ್ದುದರ ಸುಮಾರು ಶೇ 80ಕ್ಕೆ ಇಳಿಯುತ್ತದೆ. ಅದನ್ನು ಬೇಗ ಕೊಲ್ಲುವುದು ಬಿಸಿಲು. ಮೇ ತಿಂಗಳ ಬಿಸಿಲಿನಲ್ಲಿ ಇಡೀ ದಿನ ಹೊರಗೆ ನಿಲ್ಲಿಸುವುದು, ಬಿಸಿಲಲ್ಲಿ ಬಂದ ಕೂಡಲೇ ಚಾರ್ಜಿಗೆ ಹಾಕುವುದು, ಪೂರ್ತಿ ಖಾಲಿಯಾಗಿಸಿ ವಾರಗಟ್ಟಲೆ ಮೂಲೆಯಲ್ಲಿಡುವುದು ಇವೆಲ್ಲ ಆಯುಸ್ಸನ್ನು ಕಡಿಮೆ ಮಾಡುತ್ತವೆ. ಬಿಚ್ಚಿ ಒಳಗೆ ಒಯ್ಯಬಹುದಾದ ಬ್ಯಾಟರಿ ಇದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಕಳವಿನ ಭಯವೂ ಅಷ್ಟೇ ತಗ್ಗುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾಗಿಲ ಬಳಿ ಚಾರ್ಜಿಗೆ ಹಾಕಿಡುವ ರೂಢಿಯನ್ನು ಬಿಡಬೇಕು, ಏಕೆಂದರೆ ಕೆಟ್ಟ ಬ್ಯಾಟರಿ ಹೊತ್ತಿಕೊಂಡರೆ ಹೊರಹೋಗುವ ದಾರಿಯೇ ಮುಚ್ಚುತ್ತದೆ.

ಕರೆಂಟ್ ಅಗ್ಗ, ಬ್ಯಾಟರಿ ಅಗ್ಗವಲ್ಲ

ಇ-ಸೈಕಲ್ ಓಡಿಸಲು ಖರ್ಚೇ ಇಲ್ಲವೆಂದು ಅಂಗಡಿಯಲ್ಲಿ ಕೇಳಿಬರುವ ಮಾತು ಅರ್ಧ ಸತ್ಯ. ಬ್ಯಾಟರಿ ಒಮ್ಮೆ ತುಂಬಲು, ಚಾರ್ಜರಿನಲ್ಲಿ ಪೋಲಾಗುವುದೂ ಸೇರಿ, ಯೂನಿಟ್ಟಿನ ಮೂರನೆಯ ಒಂದು ಭಾಗ ಸಾಕು. ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ಎರಡೂವರೆ ರೂಪಾಯಿಯೊಳಗೆ ಮುಗಿಯಿತು. ತುಳಿದುಕೊಂಡು ಹೋದರೆ ಕಿಲೋಮೀಟರಿಗೆ 10 ಪೈಸೆಯೂ ಬೀಳುವುದಿಲ್ಲ. ತಿಂಗಳಿಗೆ 400 ಕಿ.ಮೀ. ಓಡಾಡುವವರಿಗೆ ಆಗುವುದು ನಾಲ್ಕಾರು ಯೂನಿಟ್ಟು, ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಯವರು ಮಾತ್ರ ಗಮನಿಸಬೇಕಾದಷ್ಟು.

ಉಳಿದರ್ಧ ಹೀಗಿದೆ. ಹೊಸ ಬ್ಯಾಟರಿಗೆ 10ರಿಂದ 15 ಸಾವಿರ ರೂಪಾಯಿ ಬೀಳುತ್ತದೆ. 12 ಸಾವಿರದ ಬ್ಯಾಟರಿ 500 ಬಾರಿ ಚಾರ್ಜ್ ಆಗಿ, ಪ್ರತಿ ಬಾರಿಯೂ 25 ಕಿ.ಮೀ. ಓಡಿಸಿದರೆ ಒಟ್ಟು 12,500 ಕಿ.ಮೀ. ಆಯಿತು. ಅಂದರೆ ಕಿಲೋಮೀಟರಿಗೆ ಸುಮಾರು ಒಂದು ರೂಪಾಯಿ ಸವಕಳಿ. ಕರೆಂಟಿನ ಖರ್ಚಿನ ಹತ್ತು ಪಟ್ಟಿಗಿಂತ ಹೆಚ್ಚಿನ ಈ ಖರ್ಚು ದಿನಾ ಕಣ್ಣಿಗೆ ಬೀಳುವುದಿಲ್ಲ, ಮೂರು ನಾಲ್ಕು ವರ್ಷಗಳ ಬಳಿಕ ಒಟ್ಟಿಗೆ ಬಂದು ಬಾಗಿಲು ತಟ್ಟುತ್ತದೆ. ತುಳಿದು ಓಡಿಸುವವರು ಪ್ರತಿ ಚಾರ್ಜಿನಲ್ಲಿ ಹೆಚ್ಚು ದೂರ ಹೋಗುವುದರಿಂದ ಅವರಿಗೆ ಇದು 60-70 ಪೈಸೆಗೆ ಇಳಿಯಬಹುದು. ಬೈಕಿನೊಂದಿಗೆ ಹೋಲಿಸಿದರೆ ಆಗಲೂ ಲಾಭವೇ: ಲೀಟರಿಗೆ 50 ಕಿ.ಮೀ. ಕೊಡುವ ಬೈಕಿಗೆ ಪೆಟ್ರೋಲ್ ಒಂದಕ್ಕೇ ಕಿಲೋಮೀಟರಿಗೆ 2 ರೂಪಾಯಿ ಬೇಕು. ಸಾಮಾನ್ಯ ಸೈಕಲ್ಲಿನೊಂದಿಗೆ ಹೋಲಿಸಿದರೆ ಇ-ಸೈಕಲ್ ಎಂದಿಗೂ ಗೆಲ್ಲುವುದಿಲ್ಲ. ಟೈರು, ಟ್ಯೂಬು, ಬ್ರೇಕ್ ಶೂ, ವರ್ಷಕ್ಕೆರಡು ಬಾರಿ ಎಣ್ಣೆ, ಇಷ್ಟರಲ್ಲೇ ಅದರ ಸಂಸಾರ ನಡೆಯುತ್ತದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡಲಾರಂಭಿಸಿದ ಸೈಕಲ್‌ಗಳಲ್ಲಿ ಕೆಲವು ಇಂದಿಗೂ ಹಾಲಿನ ಕ್ಯಾನು ಹೊತ್ತು ಓಡುತ್ತಿವೆ. ಯಾವ ಇ-ಸೈಕಲ್ಲಿನ ಮೊದಲ ಬ್ಯಾಟರಿಯೂ ಅಷ್ಟು ವರ್ಷ ಬಾಳುವುದಿಲ್ಲ.

ಲೈಸೆನ್ಸ್ ಬೇಕೇ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಮೋಟಾರಿನ '30 ನಿಮಿಷದ ಶಕ್ತಿ' 250 ವಾಟ್‌ಗಿಂತ ಕಡಿಮೆಯಿದ್ದು, ವೇಗ ಗಂಟೆಗೆ 25 ಕಿ.ಮೀ. ಮೀರದೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ.ಯೊಳಗಿರುವ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಹೀಗಾಗಿ ನೋಂದಣಿ, ಲೈಸೆನ್ಸ್, ವಿಮೆ ಇವು ಕಡ್ಡಾಯವಲ್ಲ. '30 ನಿಮಿಷದ ಶಕ್ತಿ' ಎಂದರೆ ಮೋಟಾರು ಅರ್ಧ ಗಂಟೆ ಬಿಡದೆ ಕೊಡಬಲ್ಲ ಶಕ್ತಿ. ಒಂದೆರಡು ಕ್ಷಣ ಅದಕ್ಕಿಂತ ಹೆಚ್ಚು ಕೊಡಬಹುದು. ಪೆಡಲ್ ಅಸಿಸ್ಟ್ ಸೈಕಲ್ಲಾದರೆ 25 ಕಿ.ಮೀ. ಮುಟ್ಟುವಷ್ಟರಲ್ಲಿ ಅಥವಾ ತುಳಿಯುವುದನ್ನು ನಿಲ್ಲಿಸಿದಾಗ ಮೋಟಾರಿನ ನೆರವು ನಿಲ್ಲಬೇಕು. ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು.

ಈ ವಿನಾಯಿತಿ ಸಿಗುವುದು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ದೃಢೀಕರಿಸಿದ ಮಾದರಿಗಳಿಗೆ. ಕೊಳ್ಳುವಾಗ ಆ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. "ಲಾಕ್ ತೆಗೆದುಕೊಡ್ತೀವಿ, 40ಕ್ಕೆ ಹೋಗುತ್ತೆ" ಎನ್ನುವವರ ಮಾತಿಗೆ ಒಪ್ಪಿದ ಕ್ಷಣದಿಂದ ಅದು ಸೈಕಲ್ ಆಗಿ ಉಳಿಯುವುದಿಲ್ಲ; ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನವಾಗುತ್ತದೆ, ಅಪಘಾತವಾದರೆ ಹೊಣೆಯೆಲ್ಲ ಸವಾರನ ತಲೆಗೆ. ಹಳೆಯ ಸೈಕಲ್ಲಿಗೆ ಮೋಟಾರು ಕಿಟ್ ಜೋಡಿಸಿಕೊಳ್ಳುವವರಿಗೂ ಇದೇ ತೊಡಕು, ಜೊತೆಗೆ ಹಳೆಯ ಬ್ರೇಕು ಹೊಸ ವೇಗಕ್ಕೆ ಸಾಲದೆಂಬ ಚಿಂತೆ ಬೇರೆ.

ಪಂಕ್ಚರ್ ಅಂಗಡಿಯ ಮುಂದೆ

ಪಿ.ಬಿ. ರಸ್ತೆಯ ಬದಿಯ ಪಂಕ್ಚರ್ ಅಂಗಡಿಯೊಂದಕ್ಕೆ ನಮ್ಮ ಮನೆಯ ಇ-ಸೈಕಲ್ಲನ್ನು ತಳ್ಳಿಕೊಂಡು ಹೋದಾಗ ಅಂಗಡಿಯವರು ಹಿಂಗಾಲಿಯ ಹಬ್ಬಿನಿಂದ ಹೊರಟ ವೈರನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. "ಕರೆಂಟ್ ಐತಲ್ಲ ಸರ್ ಇದ್ರಾಗೆ, ಗಾಲಿ ಬಿಚ್ಚೋದು ಹೆಂಗೆ?" ಎಂದರು. 36 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿದಾಗಲೂ 42 ವೋಲ್ಟ್ ಆಸುಪಾಸು. ಒಣ ಕೈಗೆ ಅದು ಶಾಕ್ ಹೊಡೆಯುವಂಥದ್ದಲ್ಲ. ಸ್ವಿಚ್ ಆಫ್ ಮಾಡಿ ಬ್ಯಾಟರಿಯನ್ನೇ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಅವರಿಗೆ ಧೈರ್ಯ ಬಂತು. ಗಾಲಿಯನ್ನು ಬಿಚ್ಚುವ ಪ್ರಮೇಯವೂ ಬರಲಿಲ್ಲ. ಎರಡು ಕಬ್ಬಿಣದ ಪಟ್ಟಿಗಳಿಂದ ಟೈರಿನ ಒಂದು ಅಂಚನ್ನಷ್ಟೇ ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಸ್ವಲ್ಪ ಸ್ವಲ್ಪವೇ ಅದ್ದುತ್ತಾ ಬಂದಾಗ ಗುಳ್ಳೆ ಎದ್ದಿತು. ಟೈರಿನಲ್ಲಿ ಮುರಿದುಕೊಂಡಿದ್ದುದು ಒಂದು ಜಾಲಿ ಮುಳ್ಳು. ಕಾಲು ಗಂಟೆಯ ಕೆಲಸ.

ತೇಪೆ ಹಾಕುವುದಕ್ಕೆ ಎರಡೂ ಸೈಕಲ್‌ಗಳು ಸಮ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಟ್ಯೂಬನ್ನೇ ಬದಲಿಸಬೇಕಾದರೆ ಮಾತು ಬೇರೆ: ವೈರಿನ ಕನೆಕ್ಟರ್ ಬಿಚ್ಚಬೇಕು, ದಪ್ಪ ನಟ್ಟಿಗೆ ಹೊಂದುವ ಸ್ಪ್ಯಾನರ್ ಬೇಕು, ಮರುಜೋಡಣೆಯಲ್ಲಿ ವಾಷರ್‌ಗಳ ಕ್ರಮ ತಪ್ಪಬಾರದು. ಚೈನು, ಬ್ರೇಕು, ರಿಮ್ಮಿನ ಬೆಂಡು ಇವೆಲ್ಲ ಯಾವುದೇ ಸೈಕಲ್ ಶಾಪಿನಲ್ಲಿ ಆಗುವ ಕೆಲಸ. ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಅಥವಾ ಸೆನ್ಸರ್ ಕೆಟ್ಟರೆ ಮಾರಿದವರನ್ನೇ ಹಿಡಿಯಬೇಕು. ಪೈಪಿನ ನೀರು ಬಿಟ್ಟು ತೊಳೆದ ತಪ್ಪಿಗೆ ನಮ್ಮ ಸೈಕಲ್ಲಿನ ಕಂಟ್ರೋಲರ್ ಒಮ್ಮೆ ಹೋಗಿ, ಬಿಡಿಭಾಗ ಬರಲು ಮೂರು ವಾರ ಹಿಡಿಯಿತು. ಸರ್ವಿಸ್ ಊರಿನಲ್ಲೇ ಇದೆಯೇ ಎಂದು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಯನ್ನು ನಾವು ಆಮೇಲೆ ಕೇಳಿದ್ದೆವು.

ಮಳೆಯಲ್ಲಿ ಓಡಿಸಲು ಅಡ್ಡಿಯಿಲ್ಲ, ನಿಂತ ನೀರಿನಲ್ಲಿ ಇಳಿಸಬಾರದು. ಹಬ್ ಮೋಟಾರು ಇರುವುದು ಗಾಲಿಯ ನಟ್ಟನಡುವೆ, ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿ. ರೈಲ್ವೆ ಅಂಡರ್‌ಬ್ರಿಡ್ಜಿನಲ್ಲಿ ಅದಕ್ಕಿಂತ ಹೆಚ್ಚು ನೀರು ನಿಂತಿದ್ದರೆ ಸುತ್ತು ಹಾಕಿ ಹೋಗುವುದೇ ಲೇಸು.

ದಾರಿಯನ್ನು ಅಳೆಯಿರಿ

ಊರೊಳಗೆ ಮೂರು ಕಿ.ಮೀ. ಹೋಗುವವರಿಗೆ ಸಾಮಾನ್ಯ ಸೈಕಲ್ಲಿನಲ್ಲಿ 13 ನಿಮಿಷ, ಇ-ಸೈಕಲ್ಲಿನಲ್ಲಿ 9 ನಿಮಿಷ. ನಡುವೆ ರೈಲ್ವೆ ಗೇಟು ಬಿದ್ದರೆ ಎರಡೂ ಒಂದೇ. ಈ ನಾಲ್ಕು ನಿಮಿಷಕ್ಕೆ 20 ಸಾವಿರ ಹೆಚ್ಚು ಕೊಡುವುದು ನನ್ನ ದೃಷ್ಟಿಯಲ್ಲಿ ದುಬಾರಿ. ಎಂಟು ಕಿ.ಮೀ. ಆಚೆಯ ಕೆಲಸಕ್ಕೆ ಹೋಗುವವರಿಗೆ 34 ನಿಮಿಷ 24ಕ್ಕೆ ಇಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ಆಷಾಢದ ಸಂಜೆಯಲ್ಲೂ ಚೈತ್ರದ ಮಧ್ಯಾಹ್ನದಲ್ಲೂ ಬೈಕಿನ ಕೀಲಿಗೆ ಕೈ ಹೋಗುವುದು ತಪ್ಪುತ್ತದೆ. ಮೊಣಕಾಲಿನ ನೋವಿರುವವರಿಗೆ, ಹಿಂದೆ ಮಗುವನ್ನು ಕೂರಿಸಿಕೊಂಡು ಶಾಲೆಗೆ ಬಿಡುವವರಿಗೆ ದೂರ ಕಡಿಮೆಯಿದ್ದರೂ ಮೋಟಾರಿನ ಬೆಲೆ ತಿಳಿಯುತ್ತದೆ.

ಕೊಳ್ಳುವ ಮುನ್ನ ಮನೆಯ ಮೂಲೆಯಲ್ಲಿರುವ ಹಳೆಯ ಸೈಕಲ್ಲನ್ನು ಹೊರತೆಗೆದು ಎರಡು ಕೆಲಸ ಮಾಡಿ ನೋಡಬಹುದು. ಟೈರಿಗೆ ಗಟ್ಟಿಯಾಗಿ ಗಾಳಿ ಹೊಡೆಸಿ. ಮೆತ್ತಗಿನ ಟೈರು ರಸ್ತೆಗೆ ಅಂಟಿಕೊಂಡು ಶಕ್ತಿಯನ್ನು ನುಂಗುತ್ತದೆ. ಸೀಟನ್ನು ಎತ್ತರಿಸಿ, ಪೆಡಲ್ ತೀರಾ ಕೆಳಗಿದ್ದಾಗ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗಾಗಬೇಕು. ನಮ್ಮಲ್ಲಿ ಹೆಚ್ಚಿನವರು ಎರಡೂ ಪಾದ ನೆಲಕ್ಕೆ ತಾಗುವಷ್ಟು ಸೀಟನ್ನು ತಗ್ಗಿಸಿಕೊಂಡು, ಮಂಡಿ ಮಡಿಚಿ ತುಳಿದು, ಸೈಕಲ್ ಕಷ್ಟವೆಂದು ದೂರುತ್ತಾರೆ. ಈ ಎರಡನ್ನೂ ಸರಿಪಡಿಸಿಕೊಂಡು ಒಂದು ವಾರ ಅದೇ ದಾರಿಯಲ್ಲಿ ಹೋಗಿಬಂದ ಮೇಲೆ ಇ-ಸೈಕಲ್ ಅಂಗಡಿಗೆ ಹೋಗಿ, ಟೆಸ್ಟ್ ರೈಡ್ ಕೇಳಿ, ಮೊದಲ ಒಂದು ಕಿಲೋಮೀಟರನ್ನು ಮೋಟಾರ್ ಆಫ್ ಮಾಡಿಕೊಂಡು ತುಳಿಯಿರಿ, ಆಮೇಲೆ ಆನ್ ಮಾಡಿ.